ಪಿನ್ ಕೂತರೆ ಸಾಲದು, ಸಾಕೆಟ್ ಸರಿಯಿರಬೇಕು

ಪ್ರಶ್ನೆ: ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕೆಂದು ಟೇಪ್ ರೆಕಾರ್ಡರಿನ ಹೆಡ್‌ಫೋನ್ ಸಾಕೆಟ್‌ನಿಂದ ಕಂಪ್ಯೂಟರಿನ ಮೈಕ್ ಸಾಕೆಟ್‌ಗೆ ವೈರ್ ಕೊಟ್ಟೆ. ಭಾಗವತರ ದನಿ ಒಡೆಯುತ್ತದೆ, ಚೆಂಡೆ ಬರೀ ಗರಗರ. ಕ್ಯಾಸೆಟ್ ಹಾಳಾಗಿದೆಯೇ?
– ಓದುಗರು, ಹೊನ್ನಾವರ

ಉತ್ತರ: ಟೇಪ್ ರೆಕಾರ್ಡರಿನಲ್ಲಿ ಚೆನ್ನಾಗಿ ಕೇಳಿಸುತ್ತಿದ್ದರೆ ಕ್ಯಾಸೆಟ್ ಸರಿಯಾಗಿಯೇ ಇದೆ. ನೀವು ಚುಚ್ಚಿದ ಜಾಗ ತಪ್ಪು. ಡೆಸ್ಕ್‌ಟಾಪ್‌ನ ಹಿಂಬದಿ ನೋಡಿ: ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು ಮೈಕ್‌ಗೆ, ತಿಳಿನೀಲಿ ಲೈನ್ ಇನ್, ತಿಳಿಹಸಿರು ಸ್ಪೀಕರಿಗೆ. ಮೂರೂ 3.5 ಮಿ.ಮೀ. ಸಾಕೆಟ್‌ಗಳೇ ಆದ್ದರಿಂದ ಪಿನ್ ಎಲ್ಲದರಲ್ಲೂ ಕೂರುತ್ತದೆ. ಆದರೆ ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸಲು ಗುಲಾಬಿ ಸಾಕೆಟ್‌ನ ಹಿಂದೆ ಆಂಪ್ಲಿಫೈಯರ್ ಇರುತ್ತದೆ. ಟೇಪ್ ರೆಕಾರ್ಡರಿನ ಲೈನ್ ಔಟ್ ಕೊಡುವುದು ಸುಮಾರು 0.3 ವೋಲ್ಟ್, ಹೆಡ್‌ಫೋನ್ ಸಾಕೆಟ್‌ನಲ್ಲಿ ವಾಲ್ಯೂಮ್ ಏರಿಸಿದರೆ ಇನ್ನೂ ಹೆಚ್ಚು. ಇಷ್ಟನ್ನು ಮತ್ತೆ ಹಿಗ್ಗಿಸಿದರೆ ದನಿ ಒಡೆಯದೆ ಇನ್ನೇನಾದೀತು?

ವೈರನ್ನು ತಿಳಿನೀಲಿಗೆ ಬದಲಿಸಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡಿಂಗ್‌ಗೆ ಲೈನ್ ಇನ್ ಆರಿಸಿ. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ಇಟ್ಟುಕೊಳ್ಳಿ. ಮೊದಲು ಚೆಂಡೆ ಜೋರಾಗಿರುವ ಭಾಗವನ್ನೇ ನುಡಿಸಿ, ಮೀಟರ್ –6 ಡೆಸಿಬೆಲ್ ದಾಟದಂತೆ ವಾಲ್ಯೂಮ್ ಹೊಂದಿಸಿ, ಆಮೇಲೆ ರೆಕಾರ್ಡ್ ಮಾಡಿ. ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ ಬೇಕು. ಮೂಲ ಪ್ರತಿಯನ್ನು ವೇವ್ ಫೈಲಾಗಿಯೇ ಉಳಿಸಿ. ಹಂಚುವುದಕ್ಕೆ ಎಂಪಿ3 ಸಾಕು.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಾಕೆಟ್ ಇದೆ. ಅದಕ್ಕೆ ಗ್ರಾಮಫೋನ್ ಪ್ಲೇಯರ್ ಜೋಡಿಸಬಹುದೇ?
– ಓದುಗರು, ಧಾರವಾಡ

ಉತ್ತರ: ಬೇಡ. ಅದು ಹೆಡ್‌ಸೆಟ್‌ಗಾಗಿ ಇರುವ ಸಾಕೆಟ್. ಒಳಬರುವ ದಾರಿ ಮೈಕ್‌ನದ್ದು, ಅದೂ ಮೋನೊ. ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಅಗ್ಗದ ಎಷ್ಟೋ ಕಾರ್ಡ್‌ಗಳಲ್ಲಿ ಮೈಕ್ ಸಾಕೆಟ್ ಮಾತ್ರ ಇರುತ್ತದೆ, ವಿಚಾರಿಸಿಯೇ ದುಡ್ಡು ಕೊಡಿ. ಇನ್ನೊಂದು ಮಾತು: ಎಲ್‌ಪಿ ತಟ್ಟೆ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಅದನ್ನು ಮತ್ತೆ ಸಮ ಮಾಡಲು ಫೋನೊ ಪ್ರೀಆಂಪ್ ಬೇಕು. ನಿಮ್ಮ ಪ್ಲೇಯರಿನ ಹಿಂದೆ ‘ಫೋನೊ/ಲೈನ್’ ಸ್ವಿಚ್ ಇದ್ದರೆ ಪ್ರೀಆಂಪ್ ಒಳಗೇ ಇದೆ, ಲೈನ್‌ಗೆ ಇಡಿ. ಇಲ್ಲದಿದ್ದರೆ ಬೇರೆಯಾಗಿ ಕೊಳ್ಳಬೇಕು.

ಪ್ರಶ್ನೆ: ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ ಗುಂಯ್ ಎನ್ನುವ ಸದ್ದು. ಚಾರ್ಜರಿನ ಅರ್ತ್ ಪಿನ್ ತೆಗೆದರೆ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರು, ತುಮಕೂರು

ಉತ್ತರ: ಚಾರ್ಜರ್ ಕಳಚಿ, ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಬಹುಮಟ್ಟಿಗೆ ಇದು ಗ್ರೌಂಡ್ ಲೂಪ್. ಎರಡೂ ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ತ್ ಆಗಿದ್ದರೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಸದ್ದು ಆಡಿಯೊ ವೈರಿನೊಳಗೆ ನುಸುಳುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ನಿಲ್ಲದಿದ್ದರೆ ಆಡಿಯೊ ವೈರಿನ ಮಧ್ಯೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ. ಅರ್ತ್ ಪಿನ್ ಮಾತ್ರ ಯಾರೇ ಹೇಳಿದರೂ ತೆಗೆಯಬೇಡಿ. ಗುಂಯ್ ಸದ್ದು ಕಿವಿಗೆ ಕಿರಿಕಿರಿ ಅಷ್ಟೇ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.