ಲುದ್ಯಳೂ ಫೊಯಿಬೆಯೂ ನಮ್ಮ ಊರಿನ ಸಹೋದರಿಯರೂ

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 16:11-15 ಮತ್ತು 40ನೆಯ ವಚನ; ರೋಮಾಪುರದವರಿಗೆ 16:1-2; ನ್ಯಾಯಸ್ಥಾಪಕರು 4:4-10.

ಗ್ರಾಮಪಂಚಾಯತಿಯ ಚುನಾವಣೆಯು ಮುಗಿದ ತರುವಾಯ ಬಂದ ಆದಿತ್ಯವಾರದಲ್ಲಿ ನಾವು ಒಂದು ಹಳ್ಳಿಯ ಸಭೆಗೆ ಹೋಗಿದ್ದೆವು. ಆ ಸಭೆಯ ಒಬ್ಬ ಸಹೋದರಿಯು ಪಂಚಾಯತಿಗೆ ಸದಸ್ಯಳಾಗಿ ಆರಿಸಲ್ಪಟ್ಟಿದ್ದಳು. ಆರಾಧನೆಯಾದ ಮೇಲೆ ಹಿರಿಯರು ಆಕೆಗೆ ಸೇವಂತಿಗೆಯ ಹಾರವನ್ನು ಹಾಕಿಸಿ, ಆಕೆಗೋಸ್ಕರ ಪ್ರಾರ್ಥಿಸಿ, ಎಲ್ಲರಿಗೂ ಚಹವನ್ನೂ ಬಾಳೆಹಣ್ಣನ್ನೂ ಕೊಡಿಸಿದರು. ಸಂತೋಷಕ್ಕೆ ಕೊರತೆಯಿರಲಿಲ್ಲ. ಆಗ ನೀರಿನ ಮಾತು ಬಂತು. ಕೇರಿಯ ನಲ್ಲಿಗೆ ವಾರಕ್ಕೆ ಎರಡೇ ಸಾರಿ ನೀರು ಬರುತ್ತದೆಂದು ಒಬ್ಬ ಅಜ್ಜಿಯು ದೂರಿದಾಗ, ಹಾರವನ್ನು ಧರಿಸಿದವಳು ಬಾಯಿ ತೆರೆಯುವದಕ್ಕೆ ಮುಂಚೆಯೇ ಆಕೆಯ ಗಂಡನು, "ಅದನ್ನು ನಾನು ಪಂಚಾಯತಿಯಲ್ಲಿ ಮಾತಾಡಿ ಸರಿಮಾಡಿಸುತ್ತೇನೆ" ಅಂದನು. ಬೋಧಿಸುವದಕ್ಕೆಂದು ಹೋದ ನಾವಾದರೂ ಏನು ಮಾಡಿದೆವು? ಅವನ ಕಡೆಗೇ ತಿರುಗಿ, "ಯಾವಾಗ ಆಗಬಹುದಪ್ಪಾ?" ಎಂದು ಕೇಳಿದೆವು. ಆ ಸಹೋದರಿಯು ತಲೆತಗ್ಗಿಸಿ ಹಾರದ ಎಸಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ಕೂತ ಮೇಲೆಯೇ ನಮ್ಮ ತಪ್ಪು ನಮಗೆ ಹೊಳೆದದ್ದು. ಈ ತಿಂಗಳಿನ ಪಾಠವು ಆ ತಪ್ಪಿನಿಂದ ಹುಟ್ಟಿತು.

ಮೊದಲು ಫಿಲಿಪ್ಪಿ ಪಟ್ಟಣಕ್ಕೆ ಹೋಗೋಣ. ಮಕೆದೋನ್ಯದಲ್ಲಿದ್ದ ಈ ಪಟ್ಟಣವು ರೋಮಿನ ಸಿಪಾಯಿಗಳು ಸೇವೆ ಮುಗಿಸಿ ನೆಲೆಗೊಂಡ ಊರು. ಪೂರ್ವಪಶ್ಚಿಮಗಳನ್ನು ಕೂಡಿಸುವ ರೋಮಿನ ಹೆದ್ದಾರಿಯು ಅದರ ನಡುವೆ ಹಾಯುತ್ತಿತ್ತು. ಪೌಲನು ಸಬ್ಬತ್ ದಿನದಲ್ಲಿ ಊರಬಾಗಿಲಿನ ಹೊರಗೆ ನದೀತೀರಕ್ಕೆ ಹೋದಾಗ ಅಲ್ಲಿ ಪ್ರಾರ್ಥನೆಗೆ ಕೂಡಿದ್ದವರು ಸ್ತ್ರೀಯರೇ. ಅವರಲ್ಲಿ ಲುದ್ಯಳೆಂಬಾಕೆಯು ಧೂಮ್ರವರ್ಣದ ಬಟ್ಟೆಗಳನ್ನು ಮಾರುವವಳು. ಆಕೆಯ ಹುಟ್ಟೂರು ಸಮುದ್ರದ ಆಚೆಯ ಥುವತೈರ. ಈಗಿನ ತುರ್ಕಿ ದೇಶದ ಅಖಿಸಾರ್ ಎಂಬ ಪಟ್ಟಣವೇ ಅದು. ಬಣ್ಣಗಾರರು ಅಲ್ಲಿ ಸಂಘವಾಗಿ ಕೂಡಿದ್ದರೆಂದು ಆ ಊರಿನ ಕಲ್ಲುಬರಹಗಳಿಂದ ತಿಳಿಯುತ್ತದೆ.

ಈ ಬಣ್ಣವು ಎಂಥದೆಂದು ನಮ್ಮ ವಾಚಕರು ತಿಳಿದರೆ ಲುದ್ಯಳ ವ್ಯಾಪಾರದ ತೂಕವು ಗೊತ್ತಾಗುವದು. ಉತ್ತಮವಾದ ಧೂಮ್ರವರ್ಣವನ್ನು ಸಮುದ್ರದ ಚಿಪ್ಪುಹುಳುಗಳಿಂದ ತೆಗೆಯುತ್ತಿದ್ದರು. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞನು ಪರೀಕ್ಷೆಗಾಗಿ 12,000 ಹುಳುಗಳಿಂದ ಬಣ್ಣವನ್ನು ತೆಗೆಯಲು, ಸಿಕ್ಕಿದ್ದು 1.4 ಗ್ರಾಂ ಮಾತ್ರವೇ. ಥುವತೈರದವರು ಮಂಜಿಷ್ಠದ ಜಾತಿಯ ಬೇರಿನಿಂದ ಅಗ್ಗವಾದ ಕೆಂಬಣ್ಣವನ್ನು ಮಾಡುತ್ತಿದ್ದರೆಂದು ಕೆಲವು ಪಂಡಿತರ ಅಭಿಪ್ರಾಯ. ಯಾವದಾದರೂ ಆಗಲಿ, ಸರಕು ದೂರದಿಂದ ಬರಬೇಕು, ಬಂಡವಾಳ ಹೂಡಬೇಕು, ಬಣ್ಣ ನಿಲ್ಲುವದೋ ಇಲ್ಲವೋ ನೋಡಿ ಕೊಳ್ಳಬೇಕು, ಸಾಲಕ್ಕೆ ಕೊಂಡುಹೋದ ದೊಡ್ಡ ಮನುಷ್ಯರಿಂದ ಹಣ ವಸೂಲು ಮಾಡಬೇಕು. ಸಂತೆಯಲ್ಲಿ ಕೂತು ಸೊಪ್ಪು ಮಾರುವ ನಮ್ಮ ಅಕ್ಕಂದಿರಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲುದ್ಯಳ ಗಂಡನ ಹೆಸರನ್ನು ವೇದವು ಎತ್ತುವದಿಲ್ಲ. ಮನೆಯು ಆಕೆಯ ಮನೆಯೆಂದೇ ಹೇಳಿದೆ. ಕರ್ತನು ಆಕೆಯ ಹೃದಯವನ್ನು ತೆರೆದನು, ಆಕೆಯೂ ಮನೆಯವರೂ ದೀಕ್ಷಾಸ್ನಾನ ಹೊಂದಿದರು, ಕೂಡಲೆ ಆಕೆಯು ಅಪೊಸ್ತಲರನ್ನು ಒತ್ತಾಯಪಡಿಸಿ ತನ್ನ ಮನೆಯಲ್ಲಿ ಇಳಿಸಿಕೊಂಡಳು. ಮುಂದೆ ಪೌಲಸೀಲರು ಬೆತ್ತದ ಏಟು ತಿಂದು ಸೆರೆಯಿಂದ ಹೊರಬಂದಾಗ ನೆಟ್ಟಗೆ ಹೋದದ್ದು ಆಕೆಯ ಮನೆಗೆ. ಸಹೋದರರನ್ನು ಕಂಡು ಧೈರ್ಯಪಡಿಸಿದ್ದು ಅಲ್ಲಿಯೇ. ಅಧಿಕಾರಿಗಳ ಕೃಪೆಯಿಂದ ಬೆಲೆಯುಳ್ಳ ಬಟ್ಟೆಯನ್ನು ಮಾರುವ ಒಬ್ಬಾಕೆಗೆ, ಅಧಿಕಾರಿಗಳೇ ಹೊಡಿಸಿದ ಮನುಷ್ಯರನ್ನು ಹಗಲುಹೊತ್ತಿನಲ್ಲಿ ಬಾಗಿಲು ತೆರೆದು ಒಳಗೆ ಕರಕೊಳ್ಳುವದು ಸುಲಭವಾಗಿತ್ತೆಂದು ನಾವು ನೆನಸಲಾರೆವು. ಪೌಲನು ಆಕೆಗೆ ಅಂಗಡಿಯನ್ನು ಮುಚ್ಚೆಂದು ಹೇಳಿದ್ದಾಗಿ ಎಲ್ಲಿಯೂ ಬರೆದಿಲ್ಲ. ಬರೆಯದ ಮಾತಿನಿಂದ ಬಹಳ ಸಾಧಿಸಬಾರದು, ನಿಜ. ಆದರೂ ಆ ಸಭೆಗೆ ಮೊದಲು ಸೂರು ದೊರಕಿದ್ದು ಒಬ್ಬ ವ್ಯಾಪಾರಗಾರ್ತಿಯ ಸಂಪಾದನೆಯಿಂದಲೇ.

ಇನ್ನು ಫೊಯಿಬೆ. ಕೊರಿಂಥದ ರೇವುಪಟ್ಟಣವಾದ ಕೆಂಖ್ರೆಯ ಆಕೆಯ ಊರು. ಪೌಲನು ಆಕೆಯನ್ನು ಆ ಊರಿನ ಸಭೆಯ ಸೇವಕಳೆಂದು ಕರೆಯುತ್ತಾನೆ. ಇದನ್ನು ಓದಿ ಕಸ ಗುಡಿಸುವ ಸೇವೆಯೋ ಏನೋ ಎಂದು ಯಾರೂ ದಾಟಿಹೋಗಬಾರದು. ಯಾಕಂದರೆ ಪೌಲನು ತನಗೂ ಅಪೊಲ್ಲೋಸನಿಗೂ ಕೊಟ್ಟುಕೊಂಡ ಹೆಸರೂ ಮೂಲ ಗ್ರೀಕಿನಲ್ಲಿ ಇದೇ. ಇನ್ನೊಂದು ಹೆಸರನ್ನೂ ಆಕೆಗೆ ಕೊಟ್ಟಿದ್ದಾನೆ. ಅದಕ್ಕೆ ಆಶ್ರಯ ಕೊಡುವವಳು, ಮುಂದೆ ನಿಂತು ಕಾಪಾಡುವವಳು ಎಂದರ್ಥ. ರೋಮಾಪುರದ ಸಭೆಗೆ ಬರೆದ ಆ ದೊಡ್ಡ ಪತ್ರಿಕೆಯನ್ನು ಹೊತ್ತುಕೊಂಡು ಹೋದವಳು ಆಕೆಯೇ ಎಂಬದು ಬಹುಮಂದಿ ವ್ಯಾಖ್ಯಾನಕಾರರ ಮತ.

ಆದರೆ ಈ ಪಾಠದಲ್ಲಿ ನಾವು ಮುಖ್ಯವಾಗಿ ಹಿಡಿಯತಕ್ಕದ್ದು ಪೌಲನು ರೋಮಿನವರಿಗೆ ಮಾಡಿದ ಬಿನ್ನಹ. ಆಕೆಗೆ ಯಾವ ಕಾರ್ಯದಲ್ಲಿ ಸಹಾಯ ಬೇಕೋ ಆ ಕಾರ್ಯದಲ್ಲಿ ಸಹಾಯಮಾಡಿರೆಂದು ಕೇಳುತ್ತಾನೆ. ಇಲ್ಲಿ ಕಾರ್ಯವೆಂಬದಕ್ಕೆ ಇರುವ ಗ್ರೀಕ್ ಮಾತನ್ನು ವ್ಯವಹಾರಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ಬಳಸುತ್ತಿದ್ದರು. ಸಹಾಯವೆಂಬದಕ್ಕೆ ಇರುವ ಮಾತಿನ ಮೂಲಾರ್ಥವಾದರೋ ಪಕ್ಕದಲ್ಲಿ ನಿಲ್ಲುವದು. ಗಮನಿಸಿರಿ: ಆಕೆಯ ಕೈಯಿಂದ ಕಾರ್ಯವನ್ನು ತೆಗೆದುಕೊಂಡು ನೀವೇ ಮಾಡಿರೆಂದು ಅಪೊಸ್ತಲನು ಬರೆಯಲಿಲ್ಲ. ಕಾರ್ಯವು ಆಕೆಯದು, ಸಭೆಯು ಆಕೆಯ ಪಕ್ಕದಲ್ಲಿ. ಆ ಆದಿತ್ಯವಾರ ನಾವೂ ಆ ಗಂಡನೂ ಪಕ್ಕದಲ್ಲಿ ನಿಲ್ಲದೆ ಆಕೆಯ ಸ್ಥಳದಲ್ಲಿಯೇ ನಿಂತೆವು.

ಸ್ತ್ರೀಯು ಸಭೆಯಲ್ಲಿ ಮೌನವಾಗಿರಬೇಕೆಂದು ಇದೇ ಪೌಲನು ಹೇಳಲಿಲ್ಲವೋ ಎಂದು ನಮ್ಮ ಹಿರಿಯರಲ್ಲಿ ಕೆಲವರು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಆ ಮಾತು ಆರಾಧನೆಯ ಕ್ರಮವನ್ನು ಕುರಿತದ್ದು. ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವದೂ ಪ್ರವಾದಿಸುವದೂ ನಡೆಯುತ್ತಿತ್ತೆಂದು ಕಾಣುತ್ತದೆ. ಪಂಚಾಯತಿಯ ಕಟ್ಟಡಕ್ಕೂ ಸಂತೆಯ ಕಟ್ಟೆಗೂ ಆ ಮಾತನ್ನು ಹೊತ್ತುಕೊಂಡು ಹೋಗುವದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ದೆಬೋರಳನ್ನು ನೋಡಿರಿ. ಆಕೆಯು ಲಪ್ಪೀದೋತನ ಹೆಂಡತಿಯೆಂದು ವೇದವು ಮರೆಯದೆ ಹೇಳುತ್ತದೆ. ಆದರೆ ಇಸ್ರಾಯೇಲ್ಯರು ನ್ಯಾಯಕ್ಕಾಗಿ ಹೋದದ್ದು ಖರ್ಜೂರದ ಮರದ ಕೆಳಗೆ ಕೂತಿದ್ದ ದೆಬೋರಳ ಬಳಿಗೆ, ಲಪ್ಪೀದೋತನ ಬಳಿಗಲ್ಲ.

ನಮ್ಮ ನಾಡಿನಲ್ಲಿ ಕಾನೂನು ಈ ವಿಷಯದಲ್ಲಿ ಸಭೆಗಳಿಗಿಂತ ಮುಂದೆ ನಡೆದಿದೆ. ಕರ್ನಾಟಕದ 1983ರ ಕಾಯಿದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದಾಗ ನಾಲ್ಕರಲ್ಲಿ ಒಂದು ಪಾಲು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟರು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯು ಜಾರಿಗೆ ಬಂದು, ದೇಶದಲ್ಲೆಲ್ಲಾ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ, ಅಧ್ಯಕ್ಷಸ್ಥಾನಗಳಲ್ಲಿಯೂ ಹಾಗೆಯೇ, ಮೀಸಲಿಡಬೇಕೆಂದು ವಿಧಿಸಿತು. ಆಮೇಲೆ ನಮ್ಮ ರಾಜ್ಯದಲ್ಲಿ ಅದು ಅರ್ಧಕ್ಕೆ ಏರಿತು. ಆದರೂ ಸದಸ್ಯಳ ಗಂಡನೋ ಮಗನೋ ಪುಸ್ತಕವನ್ನು ಮನೆಗೆ ತಂದು, ಒಲೆಯ ಮುಂದೆ ಇರುವಾಕೆಗೆ "ಇಲ್ಲಿ ಸಹಿ ಹಾಕು" ಅನ್ನುವದು ಎಷ್ಟೋ ಊರುಗಳಲ್ಲಿ ನಡೆಯುತ್ತಿದೆ. ಓದದೆ ಹಾಕಿದ ಸಹಿಗೂ ಸಹಿ ಹಾಕಿದವಳೇ ಜವಾಬುದಾರಳು. ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ನೋಟೀಸು ಬರುವದು ಆಕೆಯ ಹೆಸರಿಗೆ. ಹೆಂಡತಿಯ ಮೇಲಿನ ಮಮತೆಯಿಂದ ತಾನೇ ಓಡಾಡುತ್ತೇನೆನ್ನುವ ಗಂಡನು ಇದನ್ನು ಯೋಚಿಸಲಿ.

ಪಕ್ಕದಲ್ಲಿ ನಿಂತವರ ಒಂದು ನಿದರ್ಶನವನ್ನು ಹೇಳುತ್ತೇವೆ. ವೈಲೆಟ್ ಆಳ್ವರು 1908ರಲ್ಲಿ ಲಕ್ಷ್ಮಣ ಹರಿ ಎಂಬ ಪಾದ್ರಿಯವರ ಮನೆಯಲ್ಲಿ ಹುಟ್ಟಿದರು. ಹದಿನಾರನೆಯ ವಯಸ್ಸಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳಕೊಂಡಾಗ ಒಡಹುಟ್ಟಿದ ಹಿರಿಯರು ಆಕೆಯ ವಿದ್ಯೆಯನ್ನು ನಿಲ್ಲಗೊಡಲಿಲ್ಲ. ಆಕೆಯು ವಕೀಲಳಾಗಿ, 1952ರಲ್ಲಿ ರಾಜ್ಯಸಭೆಯನ್ನು ಸೇರಿದರು. ಗಂಡನಾದ ಜೋಕಿಂ ಆಳ್ವರು ಅದೇ ವರ್ಷ ಉತ್ತರ ಕನ್ನಡದಿಂದ ಲೋಕಸಭೆಗೆ ಆರಿಸಲ್ಪಟ್ಟರು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂಡ್ರಲಿಲ್ಲ. 1962ರಿಂದ 1969ರ ವರೆಗೆ ಆಕೆಯು ರಾಜ್ಯಸಭೆಯ ಉಪಸಭಾಪತಿಯಾಗಿದ್ದರು.

ದೊಡ್ಡವರ ಮಾತು ಹಾಗಿರಲಿ. ನಮ್ಮ ಸಣ್ಣ ಸಭೆಗಳಲ್ಲಿ ಏನು ಮಾಡಬಹುದು? ಸ್ತ್ರೀಯರು ಆಗಲೇ ಬಹಳ ಮಾಡುತ್ತಿದ್ದಾರೆ. ಹಿಡಿ ಅಕ್ಕಿಯನ್ನು ಕೂಡಿಸಿ ಮಾರಿ ಲೆಕ್ಕ ಒಪ್ಪಿಸುವವರು ಅವರು. ಸುಗ್ಗಿಯ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೂ ಕೋಳಿಗೂ ಬೆಲೆ ಏರಿಸುವ ಜಾಣತನ ಅವರದು. ಸ್ವಸಹಾಯ ಸಂಘಗಳಲ್ಲಿ ಹತ್ತಿಪ್ಪತ್ತು ಮಂದಿ ಸೇರಿ ವಾರವಾರ ಉಳಿತಾಯ ಮಾಡಿ, ಬ್ಯಾಂಕಿನ ಸಾಲವನ್ನು ತೀರಿಸುತ್ತಿದ್ದಾರೆ. ಇಷ್ಟಾದರೂ ಸಭೆಯ ವರ್ಷದ ಲೆಕ್ಕವನ್ನು ಓದುವಾಗ ಅಕ್ಕಿಯ ಲೆಕ್ಕವನ್ನು ಸಹ ಗಂಡಸೊಬ್ಬನೇ ಎದ್ದು ಓದುವದು ನಮ್ಮ ವಾಡಿಕೆ. ಅದನ್ನು ಮಾಡಿದವಳೇ ಎದ್ದು ಓದಲಿ. ಮೊದಲ ಸಾರಿ ನಾಲಿಗೆ ತೊದಲುವದು; ನಮ್ಮಲ್ಲಿ ಯಾರ ನಾಲಿಗೆ ತೊದಲಲಿಲ್ಲ? ಹೀಗೆ ದೇವಾಲಯದಲ್ಲಿ ನಾಲ್ಕು ಜನರ ಮುಂದೆ ಅಂಕೆಸಂಖ್ಯೆಗಳನ್ನು ಓದಿ ಪ್ರಶ್ನೆಗೆ ಉತ್ತರ ಕೊಟ್ಟವಳು ಗ್ರಾಮಸಭೆಯಲ್ಲಿ ಅಷ್ಟು ಹೆದರಳು. ಉಪದೇಶಿಯವರು ವಾರಕ್ಕೊಂದು ಸಂಜೆ ಪಂಚಾಯತಿಯ ನೋಟೀಸನ್ನೂ ನಡಾವಳಿಯನ್ನೂ ಆಕೆಯೊಂದಿಗೆ ಓದಲಿ. ಆಕೆಗೆ ಬದಲಾಗಿ ಓದಬಾರದು. ಸಭೆಯ ದಿನ ಕೂಸನ್ನು ಯಾರು ನೋಡಿಕೊಳ್ಳುವರು, ದನಕ್ಕೆ ಯಾರು ನೀರು ಕುಡಿಸುವರು, ಹೊತ್ತಾದರೆ ಆಕೆಯ ಜೊತೆ ಯಾರು ನಡೆದು ಬರುವರು ಎಂಬದನ್ನು ಮೊದಲೇ ಗೊತ್ತುಮಾಡಬೇಕು.

ಆರು ತಿಂಗಳಾದ ಮೇಲೆ ನಾವು ಆ ಹಳ್ಳಿಗೆ ತಿರುಗಿ ಹೋದೆವು. ಈ ಸಾರಿ ಆಕೆಯನ್ನೇ, "ಏನಮ್ಮಾ, ನೀರಿನ ಕೆಲಸ ಎಲ್ಲಿಗೆ ಬಂತು?" ಎಂದು ಕೇಳಿದೆವು. ಆಕೆಯು ಗಂಡನ ಮುಖವನ್ನು ಒಮ್ಮೆ ನೋಡಿದಳು. ಅವನು ಸುಮ್ಮನಿದ್ದನು, ಸುಮ್ಮನಿರುವದು ಅವನಿಗೆ ಕಷ್ಟವೆಂದು ಕಾಣುತ್ತಿತ್ತು. "ಇನ್ನೂ ಆಗಿಲ್ಲ ಅಯ್ಯನವರೇ. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸುತ್ತೇವೆಂದು ನಡಾವಳಿಯಲ್ಲಿ ಬರೆಸಿಕೊಂಡಿದ್ದೇನೆ" ಎಂದು ಹೇಳಿ, ಚೀಲದಿಂದ ಅದರ ಪ್ರತಿಯನ್ನು ತೆಗೆದು ತೋರಿಸಿದಳು.

ಸ್ತ್ರೀಯರ ಕೂಟದಲ್ಲಿ ವಿಚಾರಿಸತಕ್ಕದ್ದು: ಲುದ್ಯಳು ಸೆರೆಯಿಂದ ಬಂದವರಿಗೆ ಬಾಗಿಲು ತೆರೆಯುವಾಗ ಏನನ್ನು ಕಳಕೊಳ್ಳಬಹುದಾಗಿತ್ತು? ನಮ್ಮ ಸಭೆಯಲ್ಲಿ ಸಂಘದ ಪುಸ್ತಕವನ್ನು ಈಗ ಬರೆಯುವವರು ಯಾರು, ಮುಂದಿನ ವರ್ಷ ಬರೆಯಲು ಕಲಿಯುತ್ತಿರುವವರು ಯಾರು? ಗಂಡಸರು ವಿಚಾರಿಸತಕ್ಕದ್ದು ಒಂದೇ: ಕಳೆದ ಗ್ರಾಮಸಭೆಯಲ್ಲಿ ನಾನು ಯಾರ ಮಾತನ್ನು ನಡುವೆ ತಡೆದೆನು?