ಬೆಳ್ಳಂದೂರು ಕೆರೆಯ ನೊರೆ ಕಲಿಸುವ ಪರಿಸರ ವಿಜ್ಞಾನ



ನಮ್ಮ ಒಹಾಯೊ ಕನ್ನಡಿಗರ ಮಕ್ಕಳಲ್ಲಿ ಹಲವರು ಹೈಸ್ಕೂಲಿನಲ್ಲಿ ಎ.ಪಿ. ಎನ್ವಿರಾನ್ಮೆಂಟಲ್ ಸೈನ್ಸ್ ತೆಗೆದುಕೊಳ್ಳುತ್ತಾರೆ. "ಇದು ಬಯಾಲಜಿನಾ, ಕೆಮಿಸ್ಟ್ರಿನಾ?" ಎಂದು ಅವರು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಪರಿಸರ ವಿಜ್ಞಾನಕ್ಕೆ ಜಲವಿಜ್ಞಾನ, ರಸಾಯನಶಾಸ್ತ್ರ, ಇಕಾಲಜಿ, ವಾತಾವರಣ ವಿಜ್ಞಾನ, ಭೂವಿಜ್ಞಾನ, ಎಂಜಿನಿಯರಿಂಗ್, ಕಾನೂನು, ಅರ್ಥಶಾಸ್ತ್ರ ಎಂದು ಹಲವು ಶಾಖೆಗಳುಂಟು. ಪಟ್ಟಿ ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು, ವಿಷಯ ತಲೆಗೆ ಹೋಗುವುದಿಲ್ಲ. ಅದಕ್ಕಾಗಿ ನಮಗೆಲ್ಲ ಗೊತ್ತಿರುವ ಒಂದು ಕೆರೆಯನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

ಬೆಳ್ಳಂದೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆ, ವಿಸ್ತಾರ ಸುಮಾರು 900 ಎಕರೆ. 2015ರಲ್ಲಿ ಇದರ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಅದನ್ನು ಆರಿಸಲು ಸೇನೆಯ ಯೋಧರೂ ಬರಬೇಕಾಯಿತು. ಇದನ್ನು ದೂರದ ಸುದ್ದಿ ಎಂದು ಬಿಡುವ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರ ಫ್ಲಾಟು, ಎಷ್ಟೋ ಜನರ ಅಣ್ಣತಮ್ಮಂದಿರ ಮನೆ ಆ ಕೆರೆಯ ಆಸುಪಾಸಿನಲ್ಲೇ ಇದೆ.

ಮೊದಲು ಜಲವಿಜ್ಞಾನ. ಅದು ಕೇಳುವ ಪ್ರಶ್ನೆ ಸರಳ: ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ? ಬೆಂಗಳೂರು ದಿಣ್ಣೆಯ ಮೇಲಿನ ಊರು. ವರ್ಷವಿಡೀ ಹರಿಯುವ ನದಿ ಹತ್ತಿರದಲ್ಲಿಲ್ಲ. ಹಾಗಾಗಿಯೇ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು, ರಾಜಕಾಲುವೆಯಲ್ಲಿ ಸಾಗಿ ಕೆಳಗಿನ ಕೆರೆ ಸೇರಬೇಕು. ತೂಬು ತೆಗೆದು ಗದ್ದೆಗೆ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಕಡೆ ಹೋಗುತ್ತದೆ. (ವರ್ತೂರು ಕೋಡಿ ಎಂಬ ಸ್ಟಾಪಿನಲ್ಲಿ ಬಸ್ಸು ಹತ್ತುವವರಲ್ಲಿ ಎಷ್ಟು ಜನಕ್ಕೆ ಅದು ಕೆರೆಯ ಕೋಡಿ ಎಂಬ ನೆನಪು ಉಳಿದಿದೆಯೋ!)

ಈಗ ಲೆಕ್ಕ ಬದಲಾಗಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಕಾವೇರಿ ನೀರು ತರುತ್ತಾರೆ. ಮನೆಗೆ ಬಂದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಅಂದರೆ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ತಗ್ಗಬೇಕಾದ ಕೆರೆಗೆ ಹನ್ನೆರಡು ತಿಂಗಳೂ ನಮ್ಮ ಬಚ್ಚಲಿನ ನೀರು ಬರತೊಡಗಿತು. ಎಲ್ಲಾ ತೊಂದರೆಯ ಬೇರು ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ನೊರೆ ಹೇಗೆ ಬಂತು ಎನ್ನುವುದು ರಸಾಯನಶಾಸ್ತ್ರದ ಪಾಲು. ಸೋಪಿನ ಪುಡಿ, ಶಾಂಪೂಗಳಲ್ಲಿ ಸರ್ಫ್ಯಾಕ್ಟೆಂಟ್ ಎಂಬ ವಸ್ತುಗಳಿವೆ. ಇವುಗಳ ಕಣಕ್ಕೆ ಒಂದು ತುದಿಯಲ್ಲಿ ನೀರು ಇಷ್ಟ, ಇನ್ನೊಂದು ತುದಿಯಲ್ಲಿ ಎಣ್ಣೆ ಜಿಡ್ಡು ಇಷ್ಟ. ಬಟ್ಟೆಯ ಕೊಳೆ ಬಿಡುವುದೂ ಇದರಿಂದಲೇ, ಗಾಳಿ ಸೇರಿದರೆ ಗುಳ್ಳೆ ಏಳುವುದೂ ಇದರಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಕೆರೆಯನ್ನು ಕೆಲವು ವರ್ಷ ಅಧ್ಯಯನ ಮಾಡಿ ಸ್ವಾರಸ್ಯದ ಸಂಗತಿ ಕಂಡುಕೊಂಡರು. ಸರ್ಫ್ಯಾಕ್ಟೆಂಟಿನ ಒಂದು ಪಾಲು ಕೆರೆಯಲ್ಲೇ ಕೊಳೆತು ಹೋಗುತ್ತದೆ, ಇನ್ನೊಂದು ಪಾಲು ತಳದ ಹೂಳಿಗೆ ಅಂಟಿ ಕೂಡುತ್ತಾ ಹೋಗುತ್ತದೆ. ಜೋರು ಮಳೆ ಬಂದಾಗ ಹೂಳು ಕದಡುತ್ತದೆ, ನೀರು ಕೋಡಿಯಲ್ಲಿ ಧುಮುಕುತ್ತದೆ, ಎಷ್ಟೋ ದಿನದ ಸೋಪು ಒಟ್ಟಿಗೆ ನೊರೆಯಾಗಿ ರಸ್ತೆಗೆ ಹಾರುತ್ತದೆ. ಮಳೆ ಬಂದರೆ ಕೊಳಕು ತೆಳುವಾಗಬೇಕಲ್ಲವೇ, ನೊರೆ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಇಕಾಲಜಿ ಎಂದರೆ ಜೀವಿಗಳಿಗೂ ಅವುಗಳ ಸುತ್ತಲಿಗೂ ಇರುವ ನಂಟಿನ ಶಾಸ್ತ್ರ. ಕೊಳಚೆಯಲ್ಲಿ ಸಾರಜನಕ, ರಂಜಕ ಧಾರಾಳ. ಗದ್ದೆಗೆ ಗೊಬ್ಬರ ಹಾಕಿದಂತೆ ಕೆರೆಗೂ ಗೊಬ್ಬರ ಬಿದ್ದು ಪಾಚಿ, ನೀರಕಳೆ ಹಬ್ಬುತ್ತವೆ. ಅವು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನಿಗೆ ಉಸಿರಿಲ್ಲ. ತಳದ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಬೆಳ್ಳಿ ದೀಪ ಕಪ್ಪಾಗುವುದು, ಎ.ಸಿ.ಯ ತಾಮ್ರದ ಕೊಳವೆ ತೂತಾಗುವುದು ಈ ಅನಿಲದ ಗುಣ.

ಇವುಗಳಲ್ಲಿ ಮೊದಲು ಯಾವುದನ್ನು ತಡೆಯಬೇಕು? ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಕೆನಡಾದಲ್ಲಿ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೊ ಪ್ರಾಂತ್ಯದ 226ನೇ ನಂಬರಿನ ಪುಟ್ಟ ಸರೋವರಕ್ಕೆ ನಡುವೆ ಪರದೆ ಕಟ್ಟಿದರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಹಸಿರುಗಟ್ಟಿತು. ವಿಮಾನದಿಂದ ತೆಗೆದ ಆ ಫೋಟೋ ಜನರ ಮನಸ್ಸನ್ನು ಮುಟ್ಟಿತು.

ನಮ್ಮ ಈರಿ ಸರೋವರ ಚೇತರಿಸಿಕೊಂಡದ್ದೂ ರಂಜಕ ಕಡಿಮೆ ಮಾಡಿದ್ದರಿಂದ. ಅದಕ್ಕೆ ಸೇರುವ ಕ್ಲೀವ್‌ಲ್ಯಾಂಡಿನ ಕಯಹೋಗ ನದಿಗೂ 1969ರ ಜೂನ್ 22ರಂದು ಬೆಂಕಿ ಬಿದ್ದಿತ್ತು; ಅಲ್ಲಿ ಉರಿದದ್ದು ಕಾರ್ಖಾನೆಗಳ ಎಣ್ಣೆ. 1972ರಲ್ಲಿ ಸ್ವಚ್ಛ ನೀರಿನ ಕಾಯಿದೆ ಬಂತು, ಅದೇ ವರ್ಷ ಅಮೆರಿಕ-ಕೆನಡಾ ಮಹಾಸರೋವರಗಳ ಬಗ್ಗೆ ಒಪ್ಪಂದ ಮಾಡಿಕೊಂಡವು. ಆದರೆ ಕಥೆ ಸುಖಾಂತ್ಯವಾಗಲಿಲ್ಲ. ಹೊಲಗಳಿಂದ ಕೊಚ್ಚಿ ಬಂದ ಗೊಬ್ಬರದಿಂದ ಪಾಚಿ ಮರಳಿತು. 2014ರ ಆಗಸ್ಟಿನಲ್ಲಿ ಟೊಲೀಡೊ ಸುತ್ತಿನ ಸುಮಾರು ಐದು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ.

ವಾತಾವರಣ ವಿಜ್ಞಾನದವರು ಬೆಂಕಿಯ ಹೊಗೆ ಯಾವ ಕಡೆ ಹೋಯಿತೆಂದು ನೋಡುತ್ತಾರೆ. ಭೂವಿಜ್ಞಾನಿಗಳು ಹೂಳಿನ ಪದರ ಓದುತ್ತಾರೆ. ಎಂಜಿನಿಯರುಗಳ ಕೆಲಸ ಮಾತ್ರ ಎಲ್ಲರ ಕಣ್ಣಿಗೆ ಬೀಳುವಂಥದ್ದು. ಕೆರೆಗೆ ಬರುವ ಕೊಳಚೆಯನ್ನು ಬೇರೆ ಕಡೆ ತಿರುಗಿಸಿ ಹೂಳೆತ್ತುವುದು ಅವರ ಪಾಲಿಗೆ ಬಂತು. ಈ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಒಣ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಅಂತರ್ಜಲ ಏರಿತೆಂದು ಸಂತೋಷಪಟ್ಟವರಿದ್ದಾರೆ, ಶುದ್ಧೀಕರಣ ಸಾಲದು, ಮಣ್ಣು ಕೆಡುತ್ತದೆ ಎಂದು ವಾದಿಸುವವರೂ ಇದ್ದಾರೆ. ಬೆಂಗಳೂರಿನ ಬಚ್ಚಲಿನ ಲೆಕ್ಕ ಈಗ ಕೋಲಾರದ ರೈತನ ಬಾವಿಯಲ್ಲೂ ಇದೆ.

ಕಾನೂನಿನ ಒಂದು ಉದಾಹರಣೆ ಸಾಕು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕೆರೆಯ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದು ಜಲವಿಜ್ಞಾನದ ಪ್ರಶ್ನೆಯೂ ಹೌದು, ಚದರಡಿಗೆ ಎಷ್ಟು ರೂಪಾಯಿ ಎಂಬ ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು.

ಮಕ್ಕಳಿಗೆ ಪ್ರಾಜೆಕ್ಟ್ ಬೇಕಿದ್ದರೆ ಹೀಗೆ ಮಾಡಿಸಿ. ಬೆಂಗಳೂರಿನಲ್ಲಿ ನಿಮ್ಮದೊಂದು ಫ್ಲಾಟ್ ಇದ್ದರೆ ಅಲ್ಲಿನ ಅಸೋಸಿಯೇಷನ್ನಿಗೆ ಫೋನು ಮಾಡಿ ಮೂರು ಮಾತು ಕೇಳಿಸಿ: ಕೊಳಚೆ ಶುದ್ಧೀಕರಿಸುವ ಎಸ್.ಟಿ.ಪಿ. ದಿನವೂ ನಡೆಯುತ್ತದೆಯೇ? ಕರೆಂಟು ಹೋದಾಗ ಕೊಳಚೆ ಎಲ್ಲಿಗೆ ಹೋಗುತ್ತದೆ? ಅಲ್ಲಿ ಉಳಿಯುವ ಕೆಸರನ್ನು ಯಾರು, ಎಲ್ಲಿಗೆ ಸಾಗಿಸುತ್ತಾರೆ? ಬಂದ ಉತ್ತರಗಳನ್ನು ಮ್ಯಾಪಿನ ಮೇಲೆ ಗುರುತಿಸಿ, ಯಾವ ಕೆರೆಯ ಹಾದಿ ಹಿಡಿಯುತ್ತದೆಂದು ಅವರೇ ಗೆರೆ ಎಳೆಯಲಿ.