ವರ್ಷವರ್ಧನವೂ ಪರಿಗ್ರಹ ಪರಿಮಾಣ ವ್ರತವೂ

ಮಕ್ಕಳ ಹುಟ್ಟುಹಬ್ಬವು ಪರದೇಶದಿಂದ ಬಂದ ಪದ್ಧತಿ, ಶ್ರಾವಕರ ಮನೆಗೆ ಸಲ್ಲದು ಎಂದು ಹೇಳುವ ಹಿರಿಯರುಂಟು. ಈ ಮಾತು ಪೂರ್ಣ ಸತ್ಯವಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ನಿರೂಪಿಸಿದ್ದಾರೆ. ಮಗುವಿಗೆ ಒಂದು ವರ್ಷ ತುಂಬಿದಾಗ ಮಾಡತಕ್ಕ ವ್ಯುಷ್ಟಿ ಕ್ರಿಯೆಯು ಅವುಗಳಲ್ಲಿ ಒಂದು. ವರ್ಷವರ್ಧನವೆಂಬುದು ಅದರ ಇನ್ನೊಂದು ಹೆಸರು. ಅಲ್ಲಿ ಹೇಳಿದ ವಿಧಿ ಅತ್ಯಂತ ಸರಳ: ಜಿನಪೂಜೆ, ದಾನ, ಇಷ್ಟಬಂಧುಗಳನ್ನು ಕರೆದು ಅವರೊಡನೆ ಭೋಜನ. ಈ ಮೂರರಲ್ಲಿ ಯಾವುದಕ್ಕೂ ಸಾಲ ಬೇಕಾಗುವುದಿಲ್ಲ.

ಆದರೂ ಸಾಲ ಆಗುತ್ತಿದೆ. ಗುಂಡ್ಲುಪೇಟೆಯ ಕಡೆಯ ಒಂದು ಬೇಸಾಯದ ಮನೆಯನ್ನು ಉದಾಹರಣೆಗೆ ಭಾವಿಸಿಕೊಳ್ಳಬಹುದು. ಚೆಂಡುಹೂವಿನ ಹಣ ಕೈಗೆ ಬರುವುದು ಮಳೆಗಾಲದಲ್ಲಿ, ಅರಿಸಿನದ ಹಣ ಬರುವುದು ಚಳಿ ಕಳೆದ ಮೇಲೆ. ಮಗುವಿನ ಹುಟ್ಟುಹಬ್ಬವು ಮಾರ್ಗಶಿರದಲ್ಲಿ ಬಿದ್ದರೆ ಪೆಟ್ಟಿಗೆ ಬರಿದಾಗಿರುತ್ತದೆ. ಆದರೆ ಸಹಪಾಠಿಯ ಮನೆಯವರು ಛತ್ರ ಹಿಡಿದು, ದೀಪಾಲಂಕಾರ ಮಾಡಿಸಿ, ದೊಡ್ಡ ಕೇಕ್ ತರಿಸಿದ್ದನ್ನು ಮಗು ಕಂಡು ಬಂದಿದೆ. ತಾಯಿಯ ಬಳೆ ಗಿರವಿಗೆ ಹೋಗುತ್ತದೆ. ಒಂದು ಸಂಜೆಯ ಖರ್ಚಿನ ಬಡ್ಡಿಯನ್ನು ಅರಿಸಿನ ಮಾರುವ ತನಕ ತೆರಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ. ಅತಿಸಂಗ್ರಹ, ಲೋಭ ಮೊದಲಾದುವು ಎಲ್ಲರೂ ಊಹಿಸಬಹುದಾದುವೇ. ಅವುಗಳ ನಡುವೆ ವಿಸ್ಮಯ ಎಂಬುದೊಂದಿದೆ: ಪರರ ಐಶ್ವರ್ಯವನ್ನು ಕಂಡು ಬೆರಗಾಗುವುದು. ಬೆರಗಾಗುವುದರಲ್ಲಿ ದೋಷವೇನೆಂದು ಕೇಳಬಹುದು. ಬಳೆ ಗಿರವಿಗೆ ಹೋದದ್ದು ಮಗುವಿನ ಹಸಿವಿನಿಂದಲ್ಲ, ತಂದೆತಾಯಿಯರ ಈ ಬೆರಗಿನಿಂದ ಎಂಬುದನ್ನು ಗಮನಿಸಿದರೆ ಆಚಾರ್ಯರ ಅಭಿಪ್ರಾಯ ತಿಳಿಯುತ್ತದೆ.

ವ್ರತದಲ್ಲಿ ಮಿತಿ ಮೊದಲು, ವಸ್ತು ಅನಂತರ. ಹುಟ್ಟುಹಬ್ಬದಲ್ಲಿಯೂ ಹಾಗೆಯೇ. ಸಾಮಾನಿನ ಪಟ್ಟಿಯನ್ನು ಬರೆದು ಮೊತ್ತ ಕೂಡಿಸಬಾರದು. ಮೊತ್ತವನ್ನು ನಿಶ್ಚಯಿಸಿ ಪಟ್ಟಿಯನ್ನು ಬರೆಯಬೇಕು. 2,000 ರೂಪಾಯಿ ಎಂದು ನಿಯಮ ಮಾಡಿದ ಮನೆಯಲ್ಲಿ ಪೂಜೆಗೆ 300, ದಾನಕ್ಕೆ 500 ತೆಗೆದಿಟ್ಟರೆ ಅಡುಗೆಗೆ 1,200 ಉಳಿಯುತ್ತದೆ. ಮನೆಯಲ್ಲಿಯೇ ಬೇಯಿಸಿ, ಬಾಳೆಯೆಲೆಯಲ್ಲಿ ಬಡಿಸಿದರೆ ಇಪ್ಪತ್ತು ಜನರ ಊಟಕ್ಕೆ ಅಷ್ಟು ಸಾಕು. ಚಿತ್ರಾನ್ನ, ಹೆಸರುಬೇಳೆ ಪಾಯಸ, ತೋಟದ ಬಾಳೆಹಣ್ಣಿನ ರಸಾಯನ. (ರಸಾಯನಕ್ಕೆ ಬೆಲ್ಲ ಹಾಕಬೇಕು, ಜೇನು ವರ್ಜ್ಯವೆಂಬುದನ್ನು ಹೊಸ ಸೊಸೆಯಂದಿರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.) ಈರುಳ್ಳಿ ಆಲೂಗಡ್ಡೆಗಳಿಲ್ಲದ ಅಡುಗೆ ಅಗ್ಗವೂ ಆಗುತ್ತದೆ.

ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸಮಾರಂಭವು ಮಧ್ಯಾಹ್ನವೇ ಆಗತಕ್ಕದ್ದು. ಛತ್ರದ ಬಾಡಿಗೆ, ದೀಪಾಲಂಕಾರಗಳ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಬೇಕರಿಯ ಕೇಕಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೊಟ್ಟೆಯಿಲ್ಲದ್ದೆಂದು ಮಾರುವುದನ್ನೂ ಹಲವೆಡೆ ಅದೇ ಪಾತ್ರೆಯಲ್ಲಿ, ಅದೇ ಒಲೆಯಲ್ಲಿ ಮಾಡುತ್ತಾರೆ. ಮೇಣದ ಬತ್ತಿಯನ್ನು ಊದಿ ಆರಿಸುವುದಂತೂ ಅಗ್ನಿಕಾಯಿಕ ಜೀವಗಳನ್ನು ಒಪ್ಪುವವರು ಮಗುವಿಗೆ ಕಲಿಸಬೇಕಾದ ಆಟವಲ್ಲ. ಬಸದಿಯಲ್ಲಿ ಅದರ ಕೈಯಿಂದಲೇ ಆರತಿ ಮಾಡಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವ್ರತದ ಹೆಸರಿನಲ್ಲಿ ಜಿಪುಣತನವನ್ನು ಮಗುವಿನ ಮೇಲೆ ಮಾತ್ರ ಹೇರುವ ತಂದೆಗಳೂ ಇದ್ದಾರೆ. ಅದೇ ವರ್ಷ ತನಗಾಗಿ ಹೊಸ ಮೋಟಾರ್ ಸೈಕಲ್ಲನ್ನು ಕಂತಿನಲ್ಲಿ ಕೊಂಡವನು ಮಗಳ ಹೊಸ ಲಂಗಕ್ಕೆ ಪರಿಗ್ರಹವನ್ನು ನೆನೆಸಿಕೊಂಡರೆ ಮಗು ಧರ್ಮವನ್ನೇ ದ್ವೇಷಿಸುತ್ತದೆ. ಗೆಳತಿಯ ಮನೆಯಲ್ಲಿ ಕಂಡದ್ದು ತನ್ನ ಮನೆಯಲ್ಲಿ ಏಕಿಲ್ಲವೆಂದು ಅದು ಅತ್ತರೆ ಗದರಿಸಬಾರದು. ಮನೆಯ ವರಮಾನವೆಷ್ಟು, ಅದು ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ಅದಕ್ಕೆ ತಿಳಿಯುವಂತೆ ಹೇಳಬೇಕು. ಏಳು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ. 500 ರೂಪಾಯಿಯ ದಾನವನ್ನು ಹೇಗೆ ವಿನಿಯೋಗಿಸಬೇಕೆಂಬುದನ್ನು ಅದಕ್ಕೇ ಬಿಟ್ಟುಕೊಟ್ಟರೆ ಆ ದಿನ ಮನೆಯ ಯಜಮಾನ ಅದೇ ಆಗುತ್ತದೆ. ಶಾಲೆಯ ಬಡ ಮಗುವಿಗೆ ಪುಸ್ತಕ ಕೊಟ್ಟರೆ ಶಾಸ್ತ್ರದಾನ, ಆಸ್ಪತ್ರೆಯ ರೋಗಿಗೆ ಮದ್ದು ಕೊಟ್ಟರೆ ಔಷಧದಾನ.

ದಾನಕ್ಕೆ ಮಾದರಿಯನ್ನು ದೂರದಿಂದ ತರಬೇಕಾಗಿಲ್ಲ. ಚಾಮರಾಜನಗರವು ಅರಿಕುಠಾರವಾಗಿದ್ದಾಗ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ಅಲ್ಲಿ ಬಸದಿಯನ್ನು ಕಟ್ಟಿಸಿದನು. 1117ರ ಶಾಸನವು ಅವನ ಯುದ್ಧಗಳನ್ನು ಹೊಗಳುವುದರ ಜೊತೆಗೆ, ನಷ್ಟಹೊಂದಿದ ವರ್ತಕನಿಗೂ ಬಿತ್ತಲು ಬೀಜವಿಲ್ಲದ ಬೇಸಾಯಗಾರನಿಗೂ ಅವರು ಕಳೆದುಕೊಂಡದ್ದನ್ನು ಕೊಟ್ಟು ಸಲಹಿದನೆಂದು ತಿಳಿಸುತ್ತದೆ. ಅದೇ ಸೀಮೆಯಲ್ಲಿ ಇಂದು ಬೀಜಕ್ಕೆಂದು ತೆಗೆದಿಟ್ಟ ಹಣ ಕೇಕಿಗೆ ಹೋಗುವುದು ವಿಷಾದದ ಸಂಗತಿ.

ಪ್ರತಿ ವರ್ಷವೂ ಒಂದೇ ಬಗೆಯಾಗಿ ಆಚರಿಸಬೇಕೆಂಬ ನಿಯಮವಿಲ್ಲ. ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನವನ್ನೂ ಎಂಟನೆಯದರಲ್ಲಿ ಉಪನೀತಿಯನ್ನೂ ಆದಿಪುರಾಣವು ವಿಧಿಸಿರುವುದರಿಂದ ಆ ಎರಡು ವರ್ಷ ಸ್ವಲ್ಪ ವಿಶೇಷವಾಗಿ ನಡೆಸಬಹುದು. ಮಿಕ್ಕ ವರ್ಷಗಳಲ್ಲಿ ಮಲೆಯೂರಿನ ಕನಕಗಿರಿಯನ್ನು ಹತ್ತಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿ ಬುತ್ತಿಯೂಟ ಮಾಡಿ ಬಂದರೂ ಹಬ್ಬವೇ.

ಹುಟ್ಟಿದ ದಿನವು ಅಷ್ಟಮಿ ಅಥವಾ ಚತುರ್ದಶಿಯಂದು ಬಂದರೇನು ಮಾಡಬೇಕೆಂಬ ಸಂದೇಹ ಅನೇಕ ಗೃಹಿಣಿಯರಿಗಿದೆ. ಪ್ರೋಷಧೋಪವಾಸದ ನಿಯಮವುಳ್ಳ ಅಜ್ಜ ಅಜ್ಜಿಯರು ಅಡುಗೆಯ ಆರಂಭದಲ್ಲಿ ತೊಡಗುವಂತಿಲ್ಲ, ಮಗುವಿಗೆ ಉಪವಾಸವಿಲ್ಲ. ಆ ದಿನ ಮಗುವನ್ನು ಬಸದಿಗೆ ಕರೆದೊಯ್ದು ಪೂಜೆ ಮತ್ತು ದಾನ ಮುಗಿಸಿ, ಬಂಧುಗಳ ಊಟವನ್ನು ಮರುದಿನದ ಪಾರಣೆಯೊಡನೆ ಇಟ್ಟುಕೊಳ್ಳಬೇಕು. ಹಿರಿಯರೂ ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣಬಹುದು. ಎರಡು ಅಡುಗೆಯ ಖರ್ಚೂ ಒಂದಕ್ಕೆ ಇಳಿಯುತ್ತದೆ.